ಎಣ್ಣೆ ಕಾಣದ ಮಟ್ಟಿ

"ಗುರುಗಳೇ, ನಮ್ಮ ಫುಟ್‌ಬಾಲ್ ತಂಡದ ಹೊಸ ಹುಡುಗರು ಸಾಲಾಗಿ ಏಳು ಪಂದ್ಯ ಸೋತಿದ್ದಾರೆ. ಚೆಂಡು ಕಾಲಿಗೆ ಬಂದರೆ ಸಾಕು, ನಡುಗುತ್ತಾರೆ. ನಾಳೆ ಅವರು ಮೈದಾನಕ್ಕಿಳಿದ ಕೂಡಲೇ ಅಭಿಮಾನಿಗಳಾದ ನಾವೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತೇವೆ. ತಪ್ಪೇ?" ಎಂದು ಶಿಷ್ಯ ಚನ್ನವೀರ ಕೇಳಿದ.

"ತಪ್ಪೋ ಸರಿಯೋ ಆಮೇಲೆ ನೋಡೋಣ. ಮೊದಲು ಕೂತುಕೊ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಗರಡಿಯಿತ್ತು. ಅಲ್ಲಿ ಕುಸ್ತಿಯಾಡುವ ಕೆಮ್ಮಣ್ಣಿಗೆ ಮಟ್ಟಿ ಎನ್ನುತ್ತಾರೆ. ಅದನ್ನು ದಿನಾ ಅಗೆದು, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಬೇಕು. ಅಗೆಯುವುದು ಊರವರ ಸರದಿ. ಎಣ್ಣೆ ಮಾತ್ರ ಒಬ್ಬ ವ್ಯಾಪಾರಿಯದು. ಕುಸ್ತಿಯೆಂದರೆ ಅವನಿಗೆ ಜೀವ.

ಹಳೆಯ ಪೈಲ್ವಾನರು ಕುಸ್ತಿ ಬಿಟ್ಟರು, ಎಳೆಯರು ಬಂದರು. ಮೊದಲ ವರ್ಷವೇ ಪಕ್ಕದೂರಿನವರ ಎದುರು ಮಣ್ಣುಮುಕ್ಕಿದರು. ವ್ಯಾಪಾರಿಗೆ ಹೊಟ್ಟೆ ಉರಿಯಿತು. "ಇವರಿಗೆ ಹಾಕಿದ್ದೆಲ್ಲ ದಂಡ! ಮೊದಲು ಗೆಲ್ಲಲಿ, ಆಮೇಲೆ ಎಣ್ಣೆ" ಎಂದ. ಊರವರೂ ಗುದ್ದಲಿ ಕೆಳಗಿಟ್ಟರು. ಮರುವರ್ಷ ಹುಡುಗರು ಇನ್ನೂ ಕೆಟ್ಟದಾಗಿ ಸೋತರು. ಇನ್ನೊಂದು ಸಲ ಸೋತರೆ ಗರಡಿಗೆ ಬೀಗ ಎಂದು ಊರು ತೀರ್ಮಾನಿಸಿತು. ಅಭಿಮಾನ ಅಂದರೆ ಇದು ನೋಡು!

ಒಂದು ದಿನ ವ್ಯಾಪಾರಿ ಗರಡಿಗೆ ಬಂದು ಬಾಯಿಗೆ ಬಂದಂತೆ ಬಯ್ದ. ಒಬ್ಬ ಎಳೆಯ ಪೈಲ್ವಾನ ತಲೆ ತಗ್ಗಿಸಲಿಲ್ಲ.

"ಬೀಗ ಹಾಕಿಕೊಳ್ಳಿ ಯಜಮಾನರೇ. ಅದಕ್ಕೆ ಮುಂಚೆ ಈ ಮಟ್ಟಿಯಲ್ಲಿ ಒಂದೇ ಒಂದು ಸಲ ಬಿದ್ದು ನೋಡಿ."

"ನನಗೇನು ಹೆದರಿಕೆಯೇನೋ?" ಎಂದು ವ್ಯಾಪಾರಿ ಅಂಗಿ ಬಿಚ್ಚಿ ಇಳಿದ. ಹುಡುಗ ಎತ್ತಿ ಹಾಕಿದ. ವ್ಯಾಪಾರಿಗೆ ಉಸಿರೇ ನಿಂತಂತಾಯಿತು. ಸೊಂಟ ಹಿಡಿದುಕೊಂಡು, "ಅಯ್ಯಯ್ಯೋ, ಇದು ಮಟ್ಟಿಯೋ ಬಂಡೆಯೋ!" ಎಂದ.

"ನೀವು ಎಣ್ಣೆ ನಿಲ್ಲಿಸಿದಂದಿನಿಂದ ಬಂಡೆ. ಇಲ್ಲಿ ಪಳಗಿದವನು ಎದುರಾಳಿಯನ್ನು ನೋಡುವುದಿಲ್ಲ, ಎಲ್ಲಿ ಬೀಳುತ್ತೇನೋ ಎಂದು ನೆಲ ನೋಡುತ್ತಾನೆ. ಏಳಿ, ಇನ್ನೊಮ್ಮೆ ಆಡೋಣ."

ವ್ಯಾಪಾರಿ ಇನ್ನೊಮ್ಮೆ ಆಡಲಿಲ್ಲ. ಮರುದಿನ ಬೆಳಗ್ಗೆ ಎಣ್ಣೆಯ ಡಬ್ಬ ಹೊತ್ತು ಬಂದ. ಗುದ್ದಲಿಯನ್ನೂ ತಂದಿದ್ದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

"ಆ ವರ್ಷ ಗೆದ್ದರೇ?" ಎಂದ ಚನ್ನವೀರ.

"ಎಲ್ಲಿ ಗೆದ್ದರು! ಸೋತರು. ಆದರೆ ನೆಲ ನೋಡದೆ ಆಡಿ ಸೋತರು. ಊರವರು ಬೀಗ ಹಿಡಿದು ಬಂದಾಗ ಅದೇ ವ್ಯಾಪಾರಿ ಬಾಗಿಲಿಗೆ ಅಡ್ಡ ನಿಂತ. ಮಟ್ಟಿಗಿಳಿದು ಬಿದ್ದವರು ಮಾತ್ರ ಬೀಗ ಹಾಕಿ ಎಂದ. ಒಬ್ಬನೂ ಇಳಿಯಲಿಲ್ಲ. ಗರಡಿ ಉಳಿಯಿತು."

ಚನ್ನವೀರ ಬಿಡಲಿಲ್ಲ. "ನಮ್ಮದು ಫುಟ್‌ಬಾಲು, ಗುರುಗಳೇ. ಅಲ್ಲಿ ಮಟ್ಟಿ ಎಲ್ಲಿದೆ?"

"ನಾಳೆ ಆ ಹುಡುಗರು ಬೀಳುವ ಮಟ್ಟಿ ನೀನೇ ಕಣಯ್ಯ."