ನರಿ ಕದ್ದ ಬೋರೆಹಣ್ಣು

ಮಳೆಯೇ ಅಪರೂಪವಾದ ಒಂದು ಬಯಲಿನಲ್ಲಿ ನರಿಯೊಂದಿತ್ತು. ಕದಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅದಕ್ಕೆ ಭಾರೀ ಜಂಬ. ಒಂದು ದಿನ ಹೊಟ್ಟೆ ಬಿರಿಯುವಷ್ಟು ಹಣ್ಣು ತಿಂದು, "ಅಜ್ಜೀ, ಈ ವರ್ಷವೂ ನಿನ್ನನ್ನು ದೋಚಿಬಿಟ್ಟೆ!" ಎಂದು ಮುದಿ ಬೋರೆ ಗಿಡವನ್ನು ಕೆಣಕಿತು.

"ಸಂತೋಷ ಕಣಪ್ಪಾ. ಮೊದಲು ಬೋಳಾಗಿದ್ದ ಆ ದಿಣ್ಣೆಯ ಮೇಲೆ ಈಗ ಏನಿದೆ?" ಎಂದು ಗಿಡ ಕೇಳಿತು.

"ಬೋರೆ ಗಿಡಗಳು. ಬಿಸಿಲೇರಿದರೆ ಅವುಗಳ ನೆರಳೇ ನನಗೆ ಗತಿ. ಯಾರು ಬಿತ್ತಿದರೋ ಪುಣ್ಯಾತ್ಮರು!"

"ಬೀಜ ಸಮೇತ ಹಣ್ಣು ನುಂಗಿ, ಬೆಳಗೆದ್ದು ಅಲ್ಲಿ ಹೊಟ್ಟೆ ಹಗುರ ಮಾಡಿಕೊಳ್ಳುವವನು ನೀನೇ ತಾನೆ?"

ನರಿ ದಿಣ್ಣೆಯತ್ತ ನೋಡಿ ಬಾಲ ಮುದುರಿತು. ಆಮೇಲೆ ಮೆಲ್ಲಗೆ ಹೇಳಿತು: "ಅಜ್ಜೀ, ನಾನು ದುಡಿದ ಸುದ್ದಿ ನಮ್ಮವರ ಕಿವಿಗೆ ಬೀಳದಿರಲಿ, ಮಾನ ಹೋಗುತ್ತದೆ. ಅಂದಹಾಗೆ, ಆಚೆ ದಿಣ್ಣೆ ಇನ್ನೂ ಬೋಳಾಗಿಯೇ ಇದೆ. ಇನ್ನೂ ನಾಲ್ಕು ಹಣ್ಣು ಉದುರಿಸು."