ಹೊಂಬಾಳಮ್ಮನಿಗೆ ಬೋರಲಿಂಗನ ಆಸರೆ

ಹೂಂಗುಟ್ಟುತ್ತಾ ಕೂತ್ಕೊಳ್ಳಿ, ಹೇಳ್ತೀನಿ. ಹೇಳೋಕೆ ನನಗೇ ನಾಚಿಕೆ, ಯಾಕಂದ್ರೆ ಈ ಬೋರಲಿಂಗ ನನ್ನ ಸ್ವಂತ ಚಿಕ್ಕಪ್ಪನ ಮಗ. ವಯಸ್ಸು ನಲವತ್ತು, ಮೈ ಎತ್ತಿನದು, ಮನಸ್ಸು ಬೆಣ್ಣೆ. ಬುದ್ಧಿ ಹಂಚೋವಾಗ ಮಾತ್ರ ಎಲ್ಲೋ ಹೋಗಿದ್ದ.

ಅವನವ್ವ ಹೊಂಬಾಳಮ್ಮನಿಗೆ ಎಪ್ಪತ್ತೈದು. ಮಗ ಪಕ್ಕದ ಬೀದೀಲಿದ್ದರೂ ತನ್ನ ಮನೇಲಿ ತಾನೇ ಮುದ್ದೆ ಕಟ್ಟಿ ಉಣ್ಣೋಳು. ಒಂದಿನ ಬಚ್ಚಲಲ್ಲಿ ಜಾರಿಬಿದ್ದಳು. ದೊಡ್ಡ ಮಗಳು ಸಾಕಮ್ಮ ಹೇಳಿಕಳಿಸಿದಳು: "ಭಾನುವಾರ ನಾನೂ ನಿನ್ನಳಿಯನೂ ಗಾಡಿ ತರ್ತೀವಿ. ಒಬ್ಬಳೇ ಇರೋಕಾಗಲ್ಲ ಅಂತ ಕಂಡರೆ ಅವತ್ತೇ ಕರ್ಕೊಂಡು ಹೋಗೋದು."

ಹೊಂಬಾಳಮ್ಮನಿಗೆ ಜೀವವೇ ಹೋದಂಗಾಯ್ತು. "ಅಳಿಯನ ಮನೇಲಿ ತಟ್ಟೆ ಒಡ್ಡಬೇಕಾ ನಾನು? ನಾಚಿಕೆಯಿಂದ ಸಾಯ್ತೀನಿ! ಲೋ ಬೋರಲಿಂಗ, ನನಗೆ ಬಗ್ಗೋಕಾಗಲ್ಲ. ಕೆಳಗಿರೋ ಸಾಮಾನೆಲ್ಲ ಮೇಲಕ್ಕಿಡು!"

"ಆಗಲವ್ವ!"

ಇಟ್ಟ. ಹಿಟ್ಟಿನ ಡಬ್ಬ ಮೇಲಕ್ಕೆ, ಬಿಂದಿಗೆ ಮೇಲಕ್ಕೆ, ಕೂರೋ ಮಣೆ ಮೇಲಕ್ಕೆ, ಕಾಲಿನ ಚಪ್ಪಲಿ ದೇವರ ಫೋಟೋ ಪಕ್ಕಕ್ಕೆ! ಹೆಪ್ಪಿಗೆ ಮಜ್ಜಿಗೆ ಕೇಳೋಕೆ ಬಂದ ಪಕ್ಕದ್ಮನೆಯವಳು ಚಪ್ಪಲಿಗೂ ಕೈಮುಗಿದು ಹೋದಳು.

"ಮಾನ ಕಳೆದೆಯಲ್ಲೋ! ಕಾಲಿಗೆ ಬೇಕಾದ್ದು ಕಾಲ ಹತ್ರ ಇರಬೇಕು ಕಣೋ!"

"ಆಗಲವ್ವ! ಇನ್ಮೇಲೆ ಹಂಗೇ ಮಾಡ್ತೀನಿ!"

ಮಾರನೇ ದಿನ ಅವ್ವ ಅಂದಳು, "ಬಚ್ಚಲಲ್ಲಿ ಕಾಲು ಜಾರುತ್ತೆ, ಆಸರೆಗೊಂದು ಬಿದಿರ ಗಳ ಕಟ್ಟು." ಜಾರೋದು ಕಾಲು ತಾನೆ? ಕಾಲಿಗೆ ಬೇಕಾದ್ದು ಕಾಲ ಹತ್ರ ತಾನೆ? ಬಚ್ಚಲ ಬಾಗಿಲಿಗೆ ಅಡ್ಡಲಾಗಿ, ನೆಲದಿಂದ ಗೇಣೆತ್ತರದಲ್ಲಿ ಗಳ ಬಿಗಿದ! ಅವ್ವ ಎಡವಿದಳು. ಪುಣ್ಯಕ್ಕೆ ಮಗನ ಹೊಟ್ಟೆ ಮೇಲೇ ಬಿದ್ದಳು, ಮೂಳೆ ಉಳೀತು.

"ಅಯ್ಯೋ ಮಂಕೇ! ಹಿಡ್ಕೊಳ್ಳೋದು ಕೈ ಕಣೋ! ನನಗೆ ಬೇಕಾದ್ದು ನನ್ನ ಕೈಲಿರಬೇಕು! ಇನ್ನೊಬ್ಬರ ಕೈ ಕಾಯೋ ಹಂಗಿರಬಾರದು!"

"ಆಗಲವ್ವ! ಇನ್ಮೇಲೆ ಹಂಗೇ ಮಾಡ್ತೀನಿ!"

ಗಳವನ್ನ ತಾನೇ ನಿಂತು ಬಚ್ಚಲ ಗೋಡೆಗೆ, ಕೈಗೆಟುಕೋ ಎತ್ತರಕ್ಕೆ ಕಟ್ಟಿಸಿದಳು. ಆಮೇಲೆ ಮೂಲೇಲಿ ಕೂತು ಅತ್ತಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆದರೆ ಆ ಹೆಗ್ಗಣವನ್ನ ಅಳಿಯನ ಮುಂದೆ ನಿಲ್ಲಿಸಬೇಕಲ್ಲ, ಅದೇ ಅವಳ ಸಂಕಟ.

ಭಾನುವಾರ ಗಾಡಿ ಬಂತು. ಅವ್ವ ಒಳಗೆ ಸೆರಗು ಸರಿ ಮಾಡ್ಕೋತಿದ್ದಳು. ಬೋರಲಿಂಗ ಓಡಿದ, ಬಾಗಿಲೆಳೆದ, ಹೊರಗಿಂದ ಬೀಗ ಜಡಿದ, ಬೀಗದಕೈಯನ್ನ ಕಿಟಕಿಯಿಂದ ಒಳಕ್ಕೆಸೆದ!

"ಏನೋ ಇದು, ಮುಂಡೇದೇ!" ಸಾಕಮ್ಮ ಕಿರುಚಿದಳು.

"ಅವ್ವ ಒಬ್ಬಳೇ ಇರ್ತಾಳಕ್ಕಾ! ನೋಡು, ಒಳಗೆ ಒಬ್ಬಳೇ ಇದ್ದಾಳೆ! ಅವಳಿಗೆ ಬೇಕಾದ್ದು ಅವಳ ಕೈಲೇ ಇರಬೇಕು!"

ಕೈಲೆಲ್ಲಿ ಬಂತು? ನೆಲದ ಮೇಲೆ ಬಿದ್ದಿತ್ತು. ಕಿಟಕೀಲಿ ಅಳಿಯನ ಮುಖ. ಬಗ್ಗೋಕಾಗಲ್ಲ ಅಂದರೆ ಗಾಡಿ ಹತ್ತಬೇಕು. ಹೊಂಬಾಳಮ್ಮನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನೋಷ್ಟು ನಾಚಿಕೆ. ಸೆರಗನ್ನ ಮುಖಕ್ಕೆಳ್ಕೊಂಡಳು. ಆಮೇಲೆ ಊರುಗೋಲು ತಗೊಂಡಳು. ಬೀಗದಕೈಯನ್ನ ತಳ್ಳಿದಳು, ತಳ್ಳಿದಳು, ಬಚ್ಚಲತನಕ ತಳ್ಳಿದಳು. ಒಂದು ಕೈಲಿ ಗಳ ಹಿಡಿದು, ಇನ್ನೊಂದು ಕೈಲಿ ಚೊಂಬುಚೊಂಬು ನೀರು ಹುಯ್ದಳು. ನೀರು ಹೋಗೋ ತೂಬಿನಿಂದ ಬೀಗದಕೈ ಹಿತ್ತಲಿಗೆ ಬಿತ್ತು.

ಅಳಿಯ ಹೋಗಿ, ಕೊಚ್ಚೇಲಿದ್ದ ಬೀಗದಕೈ ಎತ್ತಿ ತೊಳೆದ. "ಅತ್ತೇರು ಎಲ್ಲಿಗೂ ಬರೋದು ಬೇಡ," ಅಂದ. "ಈ ಮಗನನ್ನ ಕಟ್ಕೊಂಡೇ ಇಷ್ಟು ಚೆನ್ನಾಗಿದ್ದಾರೆ. ಒಬ್ಬರೇ ಇದ್ದರೆ ಇನ್ನೂ ಚೆನ್ನಾಗಿರ್ತಾರೆ. ತಗೊಳಪ್ಪ ಬೋರಲಿಂಗ, ಬಾಗಿಲು ತೆಗಿ."

ಒಳಗೆ ಅವ್ವ ಬಿಕ್ಕಿದಳು. ನಾಚಿಕೆಯೂ ಇತ್ತು, ಸಂತೋಷವೂ ಇತ್ತು.

ಬೋರಲಿಂಗ ಬೀಗದಕೈ ಇಸ್ಕೊಂಡು ಕುಣಿದ. "ಗೆದ್ದೆ ಕಣವ್ವ! ಇನ್ನು ಈ ಮನೆ ನಿಂದೇ!" ಅಂತ ಕೂಗಿದ. ಕೂಗಿ, ಕಿಟಕಿಯಿಂದ ಮತ್ತೆ ಒಳಕ್ಕೆಸೆದ.