ನೀಲಿ ಬಾನಿಗೆ ಹೇಳಿದ ಸುಳ್ಳು

ಕಾಲು ಆಡಿಸ್ಬೇಡ, ಹೊದಿಕೆ ಎಳ್ಕೊಂಡು ಸುಮ್ಮನೆ ಮಲಕ್ಕೋ, ಹೇಳ್ತೀನಿ. ಆದ್ರೆ ಹೂಂ ಅಂತಿರ್ಬೇಕು. ಹೂಂ ನಿಂತ್ರೆ ನನ್ನ ಬಾಯೂ ನಿಲ್ತದೆ, ಆಮೇಲೆ ಅಜ್ಜಿ ಅಜ್ಜಿ ಅಂತ ಪೀಡಿಸ್ಬಾರ್ದು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಿಗೇ ಬಂದಿರಲಿಲ್ಲವಲ್ಲ, ಆ ಕಾಲದಲ್ಲಿ, ಒಂದೂರಿನ ಹೊಳೆ ದಂಡೇಲಿ ಬಣ್ಣಗಾರರ ಬೀದಿ ಅಂತ ಒಂದಿತ್ತಂತೆ. ಒಂದು ಮನೆಯೋರು ಬಟ್ಟೆಗೆ ಹಳದಿ ಅದ್ದೋರು, ಇನ್ನೊಂದು ಮನೆಯೋರು ಕೆಂಪು ಅದ್ದೋರು, ನೀಲಿ ಅದ್ದೋ ಮನೆ ಮಾತ್ರ ಒಂದೇ ಒಂದು. ಅದ್ದಿದ್ದನ್ನೆಲ್ಲ ಬೀದಿಗೆ ಅಡ್ಡಡ್ಡ ಹಗ್ಗ ಕಟ್ಟಿ ಒಣಗಿಸೋರು. ಆ ಬೀದಿ ಜನರ ಬುದ್ಧಿಯೆಲ್ಲ ಆ ಹಗ್ಗದ ಮೇಲೇ ಇರ್ತಿತ್ತಂತೆ ಕಣೋ. ಹಳದಿ ಒಣಗೋ ದಿನ ಎಲ್ಲರಿಗೂ ಹಬ್ಬ ಬಂದಂಗೆ, ಸುಮ್ಮಸುಮ್ಮನೆ ನಗು, ಸುಮ್ಮಸುಮ್ಮನೆ ಹಸಿವು. ಕೆಂಪು ಒಣಗೋ ದಿನ ಬೀದೀಲಿ ಜಗಳ, ನೀರಿಗೆ ಹೋದ ಹೆಂಗಸರು ಕೊಡ ಒಡ್ಕೊಂಡು ಬರೋರು. ಆಮೇಲೆ ಹಗ್ಗಕ್ಕೆ ನೀಲಿ ಬಿತ್ತು ಅನ್ನು, ಜಗಳ ಆಡಿದೋರೇ ಒಬ್ಬರಿಗೊಬ್ಬರು ಮಜ್ಜಿಗೆ ಕೊಟ್ಕೊಂಡು ಜಗುಲಿ ಮೇಲೆ ತಣ್ಣಗೆ ಕೂತ್ಕೊಳ್ಳೋರು, ರಚ್ಚೆ ಹಿಡಿದ ಮಕ್ಕಳೂ ನಿದ್ದೆ ಹೋಗೋವಂತೆ. ನಿನಗೂ ಒಂದು ನೀಲಿ ಬಟ್ಟೆ ಕಟ್ಬೇಕಿತ್ತು ಇಲ್ಲಿ.

ಆ ನೀಲಿ ಮನೇಲಿ ಸಿದ್ದಾಜಮ್ಮ ಅಂತ ಮುದುಕಿ, ಅವಳ ಮಗ ಗುರುಮಲ್ಲ, ಸೊಸೆ ದೇವೀರಿ, ಮೂರೇ ಜನ. ನೀಲಿ ಅಂದ್ರೆ ನೀರಿಗೆ ಬಣ್ಣ ಕಲಸೋದು ಅಂದ್ಕೊಂಡ್ಯಾ? ಅಲ್ಲ. ನೆಲದಲ್ಲಿ ಕತ್ತಿನ ತನಕ ಹೂತ ದೊಡ್ಡ ಮಣ್ಣಿನ ಬಾನಿ, ಅದರೊಳಗೆ ನೀಲಿ, ಸುಣ್ಣದ ತಿಳಿ, ಬೆಲ್ಲ, ತಗಚೆ ಬೀಜ ಬೇಯಿಸಿದ ಗಂಜಿ, ಎಲ್ಲ ಹುಳಿ ಬಂದು ನೊರೆ ಕಟ್ಟಿ ಗಬ್ಬು ನಾರ್ತಾ ಇರೋದು. ನಾರಿದ್ರೇನೇ ಅದು ಬದುಕಿದೆ ಅಂತ ಲೆಕ್ಕ. ಸಿದ್ದಾಜಮ್ಮನ ಅತ್ತೆಗೂ ಅತ್ತೆಯಾದೋಳ ಕಾಲದಿಂದ ಆ ಬಾನಿ ಆಗೀಗ ಕೆಟ್ಟು ಮತ್ತೆ ಎದ್ದಿದ್ರೂ ಪೂರ್ತಿ ಸತ್ತಿರಲೇ ಇಲ್ಲವಂತೆ. ದಿನಾ ಉಣಿಸೋರು, ಚಳಿ ಆದ್ರೆ ಗೋಣಿ ಹೊದಿಸೋರು, ಮನೆ ಮಗು ಥರ.

ಆಮೇಲೆ ಒಂದು ವರ್ಷ ಗುರುಮಲ್ಲ ಬಟ್ಟೆ ವ್ಯಾಪಾರಿಗಳ ಗಾಡಿ ಜೊತೆ ಘಟ್ಟದ ಆಚೆ ಸೀಮೆಗೆ ಹೊರಟನಂತೆ. ದೀಪಾವಳಿಗೆ ಬಂದ್ಬಿಡ್ತೀನಿ, ಅವ್ವನಿಗೆ ಕಣ್ಣು ಸರಿಯಾಗಿ ಕಾಣೋದಿಲ್ಲ, ಬಾನಿ ನಿನ್ನ ಕೈಲಿಟ್ಟು ಹೋಗ್ತಾ ಇದೀನಿ ಅಂದನಂತೆ. ದೇವೀರಿಗೆ ಆ ಮಾತು ಕೇಳಿ ಎದೆ ಉಬ್ಬಿತು. ಸೊಸೆ ಕೈಗೆ ಬಾನಿ ಕೊಡೋದು ಅಂದ್ರೆ ಸುಮ್ನೆ ಆಯ್ತಾ?

ಆಮೇಲೆ ಮಳೆ ಹಿಡೀತು ನೋಡು, ಬಿಡಲೇ ಇಲ್ಲ. ಒಂದು ಸಂಜೆ ಹಿತ್ತಲ ಗೋಡೆ ಕುಸಿದು, ಕಲ್ಲು ಹೊತ್ತೂ ಹೊತ್ತೂ ಸೋತು ಮಲಗಿದೋಳು ಬಾನಿಗೆ ಗೋಣಿ ಹೊದಿಸೋದು ಮರೆತೇ ಹೋದ್ಳಂತೆ. ಬೆಳಿಗ್ಗೆ ನೋಡಿದ್ರೆ ನೊರೆ ಇಲ್ಲ, ವಾಸನೆ ಇಲ್ಲ. ಬಟ್ಟೆ ಅದ್ದಿ ತೆಗೆದ್ರೆ ಪಾತ್ರೆ ತೊಳೆದ ನೀರಿನ ಬಣ್ಣ. ಅಯ್ಯೋ ಶಿವನೇ, ಅಷ್ಟು ಜನ ಅತ್ತೇರು ಕಾಪಾಡಿದ್ದನ್ನ ನಾನು ಒಂದೇ ದಿನಕ್ಕೆ ಕೊಂದ್ನಲ್ಲ ಅಂತ ಬಾನಿ ಪಕ್ಕ ಕುಸಿದು ಕೂತ್ಳು.

ಆ ಬೀದಿಯೋರಿಗೆ ಒಂದು ನಂಬಿಕೆ ಇತ್ತು. ಬಾನಿ ಕೆಟ್ರೆ ಆ ಮನೆಯೋರು ಊರಿಗೆ ಒಂದು ಸುಳ್ಳು ಹೇಳ್ಬೇಕು. ಊರು ಅದನ್ನ ನಂಬಿದ್ರೆ ಬಾನಿ ಏಳ್ತದೆ, ನಂಬದೇ ಇದ್ರೆ ಇಲ್ಲ. ಇನ್ನೊಂದು, ಬಾನಿ ಎದ್ದ ಮೇಲೆ ಮೊದಲನೇ ಬಟ್ಟೆ ಅದ್ದಿ, ಅದು ಪೂರ್ತಿ ಒಣಗೋ ತನಕ ಸುಳ್ಳನ್ನ ಸುಳ್ಳು ಅನ್ನಂಗಿಲ್ಲ. ಹಂಗೇನಾದ್ರೂ ಅಂದ್ಬಿಟ್ರೆ ಬಾನಿ ಸತ್ತು ಮತ್ತೆ ಏಳೋದೇ ಇಲ್ಲವಂತೆ.

ದೇವೀರಿ ಹೊಳೆಗೆ ಹೋಗಿ ಹೆಂಗಸರ ಹತ್ರ, ನಮ್ಮ ಹಿತ್ತಲ ಹುಣಸೆಮರದಲ್ಲಿ ಹಾಲು ಸುರೀತಾ ಇದೆ ಅಂದ್ಳಂತೆ. ಹೆಂಗಸರು ಬಟ್ಟೆ ಒಗೆಯೋದು ಬಿಟ್ಟು ಬಿದ್ದೂ ಬಿದ್ದೂ ನಕ್ಕರು. ಏನೇ, ಬಾನಿ ಕೆಟ್ತಾ ಅಂದ್ರು. ಮಾರನೇ ದಿನ, ಪಾಳೇಗಾರರ ಆನೆ ಮೇಲಿನೂರ ಬಾವಿಗೆ ಬಿದ್ದಿದೆಯಂತೆ ಅಂದ್ಳು. ಅದಕ್ಕೆ ಪಕ್ಕದ ಮನೆ ಕೆಂಚಮ್ಮ, ಬಿಡು ಬಿಡು, ನಿಮ್ಮತ್ತೆ ಇದಕ್ಕಿಂತ ಚೆನ್ನಾಗಿ ಹೇಳೋರು ಅಂದ್ಳಂತೆ. ಬಣ್ಣಗಾರರ ಸುಳ್ಳು ಊರಿಗೆಲ್ಲ ಗೊತ್ತಲ್ಲ, ನಂಬೋರ್ಯಾರು? ಮನೇಲಿ ಸಿದ್ದಾಜಮ್ಮ ದಿನಾ ಮೂಗು ಅಗಲಿಸಿ, ಬಾನಿ ವಾಸನೆ ಯಾಕೆ ಬರ್ತಿಲ್ಲ ಸೊಸೆ ಅಂತ ಕೇಳೋಳು. ದೇವೀರಿ ಮಳೆಗೆ ಅತ್ತೆ, ಮಳೆಗೆ ಅನ್ನೋಳು.

ಮೂರನೇ ದಿನ ಮೋಡ ಸರಿದು ಬಿಸಿಲು ಬಂತು. ಹೊಳೇಲಿ ಕೆಂಚಮ್ಮ, ಯಾಕೇ ಮುಖ ಹಿಂಗಿದೆ ಅಂದ್ಳಂತೆ. ದೇವೀರಿ ಬಾಯಿಂದ ಬಂದೇಬಿಡ್ತು. ಏನು ಹೇಳ್ಲಿ ಅಕ್ಕ, ಗಾಡಿಯೋನೊಬ್ಬ ಬಂದು ಹೇಳಿದ, ಘಟ್ಟ ಇಳಿಯೋವಾಗ ಗಾಡಿ ಮಗುಚಿ ನಮ್ಮೋರು ಹೋಗ್ಬಿಟ್ರಂತೆ ಅಂದ್ಬಿಟ್ಳು.

ಯಾರೂ ನಗಲಿಲ್ಲ. ಎಂಥ ಬಣ್ಣಗಾರಳೇ ಆಗ್ಲಿ, ಮುತ್ತೈದೆ ಬಾಯಲ್ಲಿ ಇಂಥ ಸುಳ್ಳು ಬರ್ತದಾ? ಹೊಳೆ ದಂಡೆ ಪೂರ್ತಿ ಹೋ ಅಂತ ಅತ್ತಿತು. ದೇವೀರಿ ಒಂದೇ ಓಟಕ್ಕೆ ಮನೆಗೆ ಬಂದು ನೋಡಿದ್ರೆ ಬಾನಿ ತುಂಬ ನೊರೆ, ಗಬ್ಬು ವಾಸನೆ! ಸುಳ್ಳಿಗೆ ಎದ್ದಿತೋ, ಮೂರು ದಿನದ ಮೇಲೆ ಬಿಸಿಲು ಬಿದ್ದಿದ್ದಕ್ಕೆ ಎದ್ದಿತೋ, ನನ್ನ ಕೇಳಬೇಡ, ನಾನೇನು ಅಲ್ಲಿದ್ನಾ? ಅವಳು ಕುಣಿದಾಡಿಕೊಂಡು ಬಟ್ಟೆ ಅದ್ದಿ ಹಗ್ಗಕ್ಕೆ ಹಾಕಿದ್ಳು. ಹಸಿರಾಗಿ ಬಂದ ಬಟ್ಟೆ ಗಾಳಿ ತಾಕಿ ನೀಲಿ ಆಯ್ತು. ಅಂಥ ನೀಲಿ ಆ ಬೀದಿ ಕಂಡೇ ಇರಲಿಲ್ಲ.

ಬಟ್ಟೆ ಇನ್ನೂ ತೊಟ್ಟಿಕ್ತಾ ಇತ್ತು, ಹೆಂಗಸರು ಬಂದ್ರು. ಕೂರಿಸಿದ್ರು. ಹಣೆಯ ಕುಂಕುಮ ಒರೆಸಿದ್ರು, ಕೈ ಹಿಡಿದು ಬಳೆ ಒಡೆದ್ರು. ದೇವೀರಿ ತುಟಿ ಕಚ್ಚಿಕೊಂಡು ಹಗ್ಗದ ಕಡೆ ನೋಡ್ತಾ, ಒಣಗು ತಾಯಿ, ಬೇಗ ಒಣಗು ಅಂತ ಮನಸಲ್ಲೇ ಬೇಡ್ತಾ ಇದ್ಳಂತೆ. ಈಗ ಬಾಯಿ ಬಿಟ್ರೆ ಬಾನಿ ಹೋಯ್ತು. ತಾಳಿ ಕಿತ್ತರು, ಆಗಲೂ ಬಾಯಿ ಬಿಡಲಿಲ್ಲ. ಬಿಳಿ ಸೀರೆ ಸುತ್ತಿದ್ರು. ಬಟ್ಟೆ ಒಣಗಿದ ತಕ್ಷಣ ಎದ್ದು ನಿಂತು, ಸುಳ್ಳು, ಎಲ್ಲ ಸುಳ್ಳು, ಬಾನಿ ಕೆಟ್ಟಿತ್ತು ಅದಕ್ಕೆ ಹೇಳ್ದೆ, ಅವರು ಬದುಕಿದಾರೆ ಅಂತ ಕೂಗಿದ್ಳು.

ಕೆಂಚಮ್ಮ ಅವಳನ್ನ ತಬ್ಬಿಕೊಂಡು, ಪಾಪ ಕಣ್ರೇ, ತಲೆ ಕೆಟ್ಟಿದೆ, ಯಾವ ಹೆಂಗಸು ಇದನ್ನ ಸುಳ್ಳು ಹೇಳ್ತಾಳೆ ಅಂದ್ಳಂತೆ. ದೇವೀರಿ ಅತ್ತೆ ಕಾಲು ಹಿಡ್ಕೊಂಡ್ಳು, ನಿಮ್ಮಾಣೆ ಅತ್ತೆ, ನಿಮ್ಮ ಮಗ ಬದುಕಿದಾರೆ. ಆ ಮುದುಕಿ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದೋಳು, ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ ನನ್ನವ್ವಾ, ನೀನು ಸುಧಾರಿಸ್ಕೋ ಅಂದ್ಳು. ನೋಡು ಮಗ, ಸುಳ್ಳನ್ನ ನಂಬಿದೋರು ನಿಜಾನ ನಂಬಲಿಲ್ಲ.

ಸಾವಿನ ಮನೆ ಅಂತ ಗೋಡೆಗೆಲ್ಲ ಸುಣ್ಣ ಬಳಿದ್ರು. ಬಣ್ಣದ ಬಟ್ಟೆ ನೆರಳು ಅವಳ ಮೇಲೆ ಬೀಳ್ಬಾರ್ದು ಅಂತ ಹಗ್ಗಗಳನ್ನ ಬಿಚ್ಚಿ ಆಚೆ ಕಡೆ ಕಟ್ಟಿದ್ರು. ದೇವೀರಿ ಒಂದಿನ ಹಣೆಗೆ ಕುಂಕುಮ ಇಟ್ಕೊಂಡ್ಳು, ಅತ್ತೇನೇ ತಡವಿ ತಡವಿ ಬಂದು ಅಳ್ತಾ ಒರೆಸಿದ್ಳು. ಇನ್ನೊಂದಿನ ಹಸಿರು ಬಳೆ ತೊಟ್ಕೊಂಡ್ಳು, ಕೆಂಚಮ್ಮ ಬಂದು ಒಡೆದ್ಳು. ಇನ್ನೊಂದಿನ ಮೈಮೇಲಿದ್ದ ಬಿಳಿ ಸೀರೇನೇ ಬಾನಿಗೆ ಅದ್ದೋಕೆ ಹೋದ್ಳು. ಬೀದಿ ಗಂಡಸರು ಓಡಿ ಬಂದು, ಗಂಡ ಸತ್ತೋಳ ಕೈ ಬಾನಿಗೆ ಬೀಳ್ಬಾರ್ದು ಅಂತ ತಡೆದ್ರು. ಬಾನಿ ಕೆಲಸ ಗುರುಮಲ್ಲನ ದಾಯಾದಿಗೆ ವಹಿಸಿದ್ರಂತೆ. ಯಾವುದನ್ನ ಉಳಿಸೋಕೆ ಅಷ್ಟೆಲ್ಲ ಮಾಡಿದ್ಳೋ ಅದನ್ನ ಮುಟ್ಟೋಕೂ ಇಲ್ಲ. ಆ ಹೊಸ ನೀಲಿ ಮಾತ್ರ ಊರ ತುಂಬ ಓಡಾಡ್ತಾ ಇತ್ತು. ಎಂಥ ಬಣ್ಣ, ಎಂಥ ಬಣ್ಣ ಅಂತ ಜನ ಹೇಳೋದು ಕೇಳಿಸಿದ್ರೆ ಅವಳು ಎದ್ದು ಹೋಗಿ ಕದ ಹಾಕ್ಕೊಳ್ಳೋಳು.

ಏನು? ಮಲ್ಲಿಗೇನೂ ಬಿಳಿ, ಅದಕ್ಕೆ ಯಾರೂ ಅಳಲ್ವಲ್ಲ ಅಂತೀಯಾ? ಮಲ್ಲಿಗೆ ನಾವು ಆಸೆಪಟ್ಟು ಮುಡ್ಕೊಳ್ಳೋದು ಕಣೋ. ಈ ಬಿಳಿ ಸೀರೆ ಅವಳ ಮೇಲೆ ಹೇರಿದ್ದು. ಅದನ್ನ ಬಿಚ್ಚೋಕೆ ಅವಳಿಗೆ ಹಕ್ಕಿರಲಿಲ್ಲ. ಮಧ್ಯ ಬಾಯಿ ಹಾಕ್ಬೇಡ.

ಮೊದಮೊದಲು ದೇವೀರಿ ಒಳಗೊಳಗೇ ಧೈರ್ಯವಾಗಿದ್ಳಂತೆ. ದೀಪಾವಳಿಗೆ ಬರ್ತಾರೆ, ಆಗ ನಿಮ್ಮ ಮುಖ ಎಲ್ಲಿ ಇಟ್ಕೋತೀರೋ ನೋಡ್ತೀನಿ ಅಂದ್ಕೊಳ್ಳೋಳು. ಆದ್ರೆ ಕಣ್ಣು ಬಿಟ್ರೆ ಬಿಳಿ ಗೋಡೆ, ತಲೆ ಬಗ್ಗಿಸಿದ್ರೆ ಬಿಳಿ ಮಡಿಲು, ಕೈ ನೋಡ್ಕೊಂಡ್ರೆ ಬೋಳು. ಉಪ್ಪು ಸಪ್ಪೆ ಆಯ್ತು. ಹಕ್ಕಿ ಕೂಗಿದ್ರೂ ದೂರದಲ್ಲಿ ಯಾರೋ ಅತ್ತಂಗೆ ಕೇಳಿಸೋದು. ದೀಪಾವಳಿ ಬಂತು, ಅವನು ಬರಲಿಲ್ಲ. ಸಂಕ್ರಾಂತಿ ಬಂತು, ಬರಲಿಲ್ಲ. ಆಮೇಲೆ ಅವಳಿಗೆ ಭಯ ಹತ್ತಿತು. ನನ್ನ ಬಾಯಿಂದ ಹೊರಟ ಮಾತು ಘಟ್ಟ ಹತ್ತಿ ಅವರನ್ನ ಹುಡುಕ್ಕೊಂಡು ಹೋಯ್ತೇನೋ, ನಾನೇ ತಿಂದ್ಕೊಂಡ್ನೇನೋ ಅಂತ. ಒಂದು ಮಧ್ಯಾಹ್ನ ಒಲೆ ಮುಂದೆ ಕೂತೋಳು ಹೋ ಅಂತ ಅತ್ಳು. ಅದು ನಾಟಕ ಅಲ್ಲ, ನಿಜವಾದ ಅಳು. ಅವತ್ತಿಂದ ಅವಳೂ ನಂಬಿದ್ಳು. ಬದುಕಿದಾರೆ ಅನ್ನೋ ಮಾತು ಬಿಟ್ಟೇಬಿಟ್ಳು. ಕೆಂಚಮ್ಮ, ಸದ್ಯ, ಈಗ ತಲೆ ಸರಿಹೋಯ್ತು ಅಂದ್ಳಂತೆ.

ಹೂಂ ಅನ್ನು. ನಿದ್ದೆ ಬಂತಾ? ಇಲ್ವಾ? ಸರಿ.

ಯುಗಾದಿ ಕಳೆದು ಒಂದಿನ ಬೆಳಿಗ್ಗೆ ಗುರುಮಲ್ಲ ಬಂದ್ಬಿಟ್ಟ! ಆ ಸೀಮೇಲಿ ಜ್ವರ ಹಿಡಿದು ಯಾರದೋ ಛತ್ರದಲ್ಲಿ ಮಲಗಿದ್ನಂತೆ, ಕಡ್ಡಿ ಥರ ಆಗಿದ್ನಂತೆ. ಬೀದಿ ಜನ ಭೂತ ಅಂತ ಬಾಗಿಲು ಹಾಕ್ಕೊಂಡು, ಆಮೇಲೆ ಒಬ್ಬೊಬ್ಬರೇ ಬಂದು ಮುಟ್ಟಿ ನೋಡಿ, ಕುಣಿದು ಕೂಗಾಡಿ ಅವನನ್ನ ಮನೆಗೆ ಕರ್ಕೊಂಡು ಬಂದ್ರು. ಸಿದ್ದಾಜಮ್ಮ ಮಗನ ಮುಖ ಸವರಿ ಸವರಿ ಅತ್ತಳು. ದೇವೀರಿ ಬಾಗಿಲಿಗೆ ಬಂದು ನೋಡಿದ್ಳು. ನೋಡಿ, ಯಾರು ಬೇಕಿತ್ತು ಅಂದ್ಳು.

ನಾನು ಕಣೇ ಅಂದ. ನಮ್ಮೋರು ಹೋಗಿ ಬಹಳ ದಿನ ಆಯ್ತು, ಅಂತ ಒಳಗೆ ಹೋಗಿ ಮೂಲೇಲಿ ಕೂತ್ಕೊಂಡ್ಳು.

ಬೀದಿಯೋರಿಗೆ ಆಗ ಎಲ್ಲ ಅರ್ಥ ಆಯ್ತು. ಅಯ್ಯೋ, ನಿಜ ಹೇಳಿದ್ಳಲ್ಲ, ನಾವು ಕೇಳಲಿಲ್ಲವಲ್ಲ ಅಂತ ಕೆಂಚಮ್ಮ ಬಾಯಿ ಬಾಯಿ ಬಡ್ಕೊಂಡ್ಳು. ಬಿಳಿ ತೆಗೆದ್ರೆ ಸರಿಹೋಗ್ತಾಳೆ ಅಂದ್ಕೊಂಡು, ಗುರುಮಲ್ಲ ಹೊಸದಾಗಿ ತಾಳಿ ಕಟ್ಟಿದ, ಹೆಂಗಸರು ಕೆಂಪು ಸೀರೆ ಉಡಿಸಿದ್ರು. ಉಡಿಸಿದಂಗೆ ಉಟ್ಕೊಂಡು ಕೂತಿದ್ಳು. ಆಮೇಲೆ ಗೋಡೆಗೆಲ್ಲ ಹಳದಿ ಬಳಿದ. ಗೋಡೇನ ನೋಡಿದ್ಳು, ಬೆನ್ನು ತಿರುಗಿಸಿ ಕೂತ್ಳು. ಆಮೇಲೆ ಕೈತುಂಬ ಹಸಿರು ಬಳೆ ತೊಡಿಸಿದ. ಸದ್ದು ಆಗುತ್ತೆ ಅಂತ ಕೈ ಅಲ್ಲಾಡಿಸದೆ ಮಡಿಲಲ್ಲಿಟ್ಕೊಂಡ್ಳು. ಬಟ್ಟೆ ಒಂದು ಸಲ ಅದ್ದಿದ್ರೆ ಬಣ್ಣ ಹಿಡೀತದೆ, ಇವಳಿಗೆ ಯಾವುದೂ ಹಿಡೀಲಿಲ್ಲವಂತೆ. ಗಂಡನಿಗೆ ಅನ್ನ ಬಡಿಸೋಳು, ಮುಖ ನೋಡ್ತಿರಲಿಲ್ಲ.

ಒಂದಿನ ಗುರುಮಲ್ಲನಿಗೆ ತಡೆಯೋಕಾಗಲಿಲ್ಲ. ಹಾರೆ ತಗೊಂಡು ಬಾನಿ ಮನೆಗೆ ಹೋದ. ನನ್ನ ಸಾವು ಕುಡಿದು ಎದ್ದಿದೀಯ, ನನ್ನ ಹೆಂಡ್ತೀನ ಜೀವಂತ ತಿಂದಿದೀಯ, ನೀನು ನನ್ನ ಮನೇಲಿ ಬೇಡ ಅಂತ ಸುತ್ತ ಮಣ್ಣು ಅಗೆದು ಬಾನಿ ಹೊಟ್ಟೆಗೇ ಹೊಡೆದ. ಬಾನಿ ಸೀಳಿ, ಅಷ್ಟು ಜನ ಅತ್ತೇರು ಉಣಿಸಿದ ನೀಲಿ ಅಗೆದ ಗುಂಡಿ ತುಂಬ ಹರಿದು ಮಣ್ಣಿಗೆ ಇಂಗೋಕೆ ಶುರುವಾಯ್ತು. ಮುದುಕಿ ವಾಸನೇಗೇ ಗೊತ್ತಾಗಿ ಕಿರುಚಿಕೊಂಡ್ಳು.

ದೇವೀರಿ ಬಂದ್ಳು. ನೋಡಿದ್ಳು. ಓಡಿ ಹೋಗಿ ಮಣ್ಣಲ್ಲಿ ಬಿದ್ದು ಎರಡೂ ಕೈಲಿ ನೀಲಿ ಬಾಚಿಕೊಂಡ್ಳು, ಬೆರಳ ಸಂದಿಯಿಂದ ಸೋರಿಹೋಯ್ತು, ಮತ್ತೆ ಬಾಚಿಕೊಂಡ್ಳು, ಸೋರಿಹೋಯ್ತು. ಎದ್ದೋಳೇ ಗುರುಮಲ್ಲನ ಎದೆ ಮೇಲೆ ದಬದಬ ಗುದ್ದಿದ್ಳು. ಹಾಳಾದೋನೇ, ಏನು ಮಾಡ್ದೆ, ಅದನ್ನ ಉಳಿಸೋಕೆ ನಾನು ನಿನ್ನನ್ನೇ ಸಾಯಿಸಿದ್ನಲ್ಲೋ, ಬಾಯಿ ಕಚ್ಕೊಂಡು ತಾಳಿ ಕೀಳಿಸ್ಕೊಂಡ್ನಲ್ಲೋ! ಅವನು ತಡೀಲಿಲ್ಲ, ನಿಂತೇ ಇದ್ದ. ಗುದ್ದಿ ಗುದ್ದಿ ಸೋತ ಕೈ ಅವನ ಎದೆ ಮೇಲೇ ನಿಂತುಹೋಯ್ತು. ಒಳಗೆ ಢವಢವ ಅಂತಿತ್ತು. ಅವಳು ಅಲ್ಲೇ ಕಿವಿ ಇಟ್ಟು ಕೇಳಿದ್ಳು. ಕೇಳಿ, ಬಂದ್ರಾ ಅಂದ್ಳು. ಹೂಂ ಕಣೇ, ಬಂದೆ ಅಂದ. ಯಾಕೆ ಇಷ್ಟು ತಡ ಮಾಡಿದ್ರಿ ಅಂತ ಬಿಕ್ಕಿ ಬಿಕ್ಕಿ ಅತ್ಳಂತೆ.

ಆಮೇಲೆ ಏನು? ಆ ನೀಲಿ ಮತ್ತೆ ಬರಲಿಲ್ಲ ಮಗ. ಹೊಸ ಬಾನಿ ಇಟ್ರು, ಬಣ್ಣ ತೆಳುವಾಗಿ ಬರೋದು, ಅದನ್ನೇ ಮಾರಿದ್ರು, ಅದರಲ್ಲೇ ಬದುಕಿದ್ರು, ಮಕ್ಕಳೂ ಆದ್ವು. ದೇವೀರಿ ಕೆಲವು ದಿನ ಸುಮ್ಮನೆ ಮಂಕಾಗಿ ಕೂತ್ಬಿಡೋಳಂತೆ. ಆಗ ಗುರುಮಲ್ಲ ಕೆಲಸ ಬಿಟ್ಟು ಬಂದು, ಅವಳ ಕೈ ತಗೊಂಡು ತನ್ನ ಎದೆ ಮೇಲೆ ಇಟ್ಕೊಂಡು ಕೂರೋನು. ಕತೆ ಮುಗೀತು, ಇನ್ನು ನೀನೂ ಕಣ್ಣು ಮುಚ್ಚು.